ಮಗಳ ಹೊಸ ಹಲ್ಲಿನಲ್ಲಿ ಬಿಳಿ ಗೆರೆ: ಫಿಲ್ಟರ್ ನೀರು ಕುಡಿಸಿದರೂ ಯಾಕೆ ಹೀಗೆ?

ಪಾವಗಡದ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಏಳು ತುಂಬಿದೆ, ಎರಡನೇ ಕ್ಲಾಸು. ಹಾಲುಹಲ್ಲು ಬಿದ್ದು ಮುಂದಿನ ಎರಡು ಹೊಸ ಹಲ್ಲು ಬಂದಿವೆ. ಎರಡರಲ್ಲೂ ಸುಣ್ಣ ಬಳಿದ ಹಾಗೆ ಅಡ್ಡಡ್ಡ ಬಿಳಿ ಗೆರೆ. ಒಂದರ ತುದಿಯಲ್ಲಿ ಹಳದಿಯೂ ಇದೆ. ಸರಿಯಾಗಿ ಹಲ್ಲುಜ್ಜುತ್ತಿಲ್ಲ ಅಂತ ಮೊದಲು ನಾನೇ ಬೈದೆ. ಒಂದು ವಾರ ಎದುರಿಗೆ ಕೂರಿಸಿಕೊಂಡು ಉಜ್ಜಿದೆ. ನಮ್ಮ ಅತ್ತೆ ಇದ್ದಿಲು ಪುಡಿ ಮಾಡಿ ಉಜ್ಜಿದರು. ವಸಡಿನಲ್ಲಿ ರಕ್ತ ಬಂತೇ ಹೊರತು ಗೆರೆ ಹೋಗಲಿಲ್ಲ.

ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಅದಕ್ಕೇ ಇವಳು ಹುಟ್ಟಿದಾಗಿನಿಂದ ಫಿಲ್ಟರ್ ನೀರೇ ಕುಡಿಸಿದ್ದೇವೆ. ಊರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಗಾಡಿಯಲ್ಲಿ ತರುತ್ತಾರೆ. ಮತ್ತೆ ಹೀಗೆ ಯಾಕಾಯಿತು? ಶಾಲೆಯಲ್ಲಿ ಯಾರೋ ಏನೋ ಅಂದಿದ್ದಾರೆ. ಈಗ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಮಗುವಿಗೆ ಈಗ ಹತ್ತು ತಿಂಗಳು. ಅವನಿಗೂ ಹೀಗೆ ಆಗಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ಬಾಗೇಪಲ್ಲಿ ಮೇಷ್ಟ್ರು:
ಅಮ್ಮಾ, ಮಗುವಿಗೆ ಬೈಯಬೇಡಿ. ಇದು ಉಜ್ಜಿದರೆ ಹೋಗುವ ಕಲೆ ಅಲ್ಲ. ನಾನು 19 ವರ್ಷದಿಂದ ಈ ಕಡೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದೇನೆ. ಮೂರನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಗಿಸಿದರೆ ಯಾವ ಮಗು ಯಾವ ಕೇರಿಯಿಂದ ಬಂದಿದೆ ಅಂತ ಹಲ್ಲು ನೋಡಿಯೇ ಹೇಳಬಹುದು. ಒಂದು ಬೋರಿನ ನೀರು ಕುಡಿಯುವ ಕೇರಿಯವರಿಗೆ ಜಾಸ್ತಿ, ಪಕ್ಕದ ಕೇರಿಯವರಿಗೆ ಕಡಿಮೆ. ಒಂದೇ ಊರು, ಎರಡು ಬೋರ್, ನೀರು ಬೇರೆ ಬೇರೆ.

ಫಿಲ್ಟರ್ ನೀರು ಕುಡಿಸಿದ್ದೂ ಸುಳ್ಳಲ್ಲ, ಗೆರೆ ಬಂದಿದ್ದೂ ಸುಳ್ಳಲ್ಲ. ಯಾಕೆ ಅಂತ ಡಾಕ್ಟರ್ ಮೇಡಂ ಹೇಳಲಿ.

ಹಲ್ಲಿನ ಡಾಕ್ಟರ್ ತುಮಕೂರು:
ನೀವು ಹೇಳಿದ ಲಕ್ಷಣ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ತೊಂದರೆಯಾದ ಫ್ಲೋರೋಸಿಸ್‌ಗೆ ಹೊಂದುತ್ತದೆ. ಆದರೂ ಒಮ್ಮೆ ಹತ್ತಿರದಲ್ಲಿ ತೋರಿಸಿಬಿಡಿ. ಗುರುತು ಏನೆಂದರೆ, ಎಡಗಡೆ ಹಲ್ಲು, ಬಲಗಡೆ ಹಲ್ಲು ಎರಡರಲ್ಲೂ ಜೋಡಿಯಾಗಿ ಅಡ್ಡ ಗೆರೆ ಇರುತ್ತದೆ. ಹುಳುಕಾದರೆ ಒಂದು ಕಡೆ ಗುಳಿ ಬೀಳುತ್ತದೆ, ಜೋಡಿಯಾಗಿ ಬರುವುದಿಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಇವತ್ತಿಗೇ ನಿಲ್ಲಿಸಿ. ಮೇಲಿನ ಪದರ ಸವೆದು ಹಲ್ಲು ಜುಮ್ಮೆನ್ನಲು ಶುರುವಾಗುತ್ತದೆ.

ಈಗ ಮುಖ್ಯ ವಿಷಯ. ಈ ಗೆರೆ ಈಗ ಬಂದಿದ್ದಲ್ಲ. ಮೇಲಿನ ಮುಂದಿನ ಎರಡು ಹಲ್ಲು ಏಳು-ಎಂಟು ವರ್ಷಕ್ಕೆ ಕಾಣಿಸಿದರೂ ವಸಡಿನ ಒಳಗೆ ತಯಾರಾಗುವುದು ಮಗು ಹುಟ್ಟಿದ ಕೆಲವೇ ತಿಂಗಳಿಂದ. ಒಂದೂಕಾಲು ವರ್ಷದಿಂದ ಎರಡೂವರೆ ವರ್ಷದವರೆಗಿನ ಕಾಲ ಆ ಹಲ್ಲುಗಳಿಗೆ ತುಂಬಾ ಸೂಕ್ಷ್ಮ. ಆಗ ಹೊಟ್ಟೆಗೆ ಹೋದ ಫ್ಲೋರೈಡ್ ಈಗ ಹಲ್ಲಿನ ಮೇಲೆ ಕಾಣುತ್ತಿದೆ. ಅಂದರೆ ನಿಮ್ಮ ಮಗಳ ಹಲ್ಲು ಐದು ವರ್ಷ ಹಿಂದಿನ ನೀರಿನ ಲೆಕ್ಕ ಹೇಳುತ್ತಿದೆ.

ಎರಡು ಪ್ರಶ್ನೆ ಕೇಳುತ್ತೇನೆ. ಅವಳಿಗೆ ಆರು ತಿಂಗಳಾದ ಮೇಲೆ ರಾಗಿ ಸರಿ ಮಾಡಿದ್ದು ಯಾವ ನೀರಿನಲ್ಲಿ? ಮನೆಯಲ್ಲಿ ಮುದ್ದೆಗೆ ಎಸರಿಡುವುದು ಯಾವ ನೀರಿನಲ್ಲಿ?

ಪಾವಗಡದ ಅಮ್ಮ:
ಮೇಡಂ, ಓದಿ ಕೈಕಾಲು ತಣ್ಣಗಾಯಿತು. ಎಲ್ಲ ಅಡುಗೆ ನಲ್ಲಿ ನೀರಿನಲ್ಲೇ. ನಲ್ಲಿಗೆ ಬರುವುದು ಬೋರ್ ನೀರು. ರಾಗಿ ಸರಿಯೂ ಅದರಲ್ಲೇ. ಚೆನ್ನಾಗಿ ಕುದಿಸುತ್ತೇವಲ್ಲ, ಕುದಿಸಿದರೆ ಎಲ್ಲ ಹೋಗುತ್ತದೆ ಅಂದುಕೊಂಡಿದ್ದೆ. ಒಂದು ಕ್ಯಾನ್ ಎಲ್ಲರೂ ಕುಡಿಯುವುದಕ್ಕೇ ಸಾಕಾಗುವುದಿಲ್ಲ, ಅಡುಗೆಗೆ ಎಲ್ಲಿ ಬರುತ್ತದೆ ಹೇಳಿ.

ಹಲ್ಲಿನ ಡಾಕ್ಟರ್ ತುಮಕೂರು:
ನಿಮ್ಮ ತಪ್ಪಲ್ಲಮ್ಮ. ಯಾರೂ ಹೇಳಿರುವುದಿಲ್ಲ. ಘಟಕದ ಗೋಡೆ ಮೇಲೂ "ಶುದ್ಧ ಕುಡಿಯುವ ನೀರು" ಅಂತಲೇ ಬರೆದಿರುತ್ತದೆ, ಅಡುಗೆ ಮಾತು ಅಲ್ಲಿ ಎಲ್ಲೂ ಇಲ್ಲ. ನನ್ನ ಹತ್ತಿರ ಬರುವ ಹತ್ತು ತಾಯಂದಿರಲ್ಲಿ ಎಂಟು ಜನ ಇದೇ ಮಾತು ಹೇಳುತ್ತಾರೆ.

ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಉಪ್ಪಿನ ಹಾಗೆ, ಆವಿಯಾಗಿ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು ಹಿಡಿಯುವ ಮುದ್ದೆ, ನೀರೇ ಜಾಸ್ತಿ ಇರುವ ಸಾರು, ಅಂಬಲಿ. ಇನ್ನು ಮಗುವಿನ ರಾಗಿ ಸರಿಯಂತೂ ಎರಡು ಚಮಚ ಹಿಟ್ಟಿಗೆ ಒಂದು ಲೋಟ ನೀರು. ಮಗು ಆ ವಯಸ್ಸಿನಲ್ಲಿ ನೀರು ಅಂತ ಕುಡಿಯುವುದು ಎಷ್ಟು? ಊಟದ ಮೂಲಕ ಹೋಗುವುದೇ ಹೆಚ್ಚು.

ಸಮಾಧಾನದ ವಿಷಯವೂ ಇದೆ. ತಾಯಿ ಫ್ಲೋರೈಡ್ ನೀರು ಕುಡಿಯುತ್ತಿದ್ದರೂ ಎದೆಹಾಲಿಗೆ ಇಳಿಯುವುದು ತೀರಾ ಕಡಿಮೆ. ಚಿಕ್ಕವನಿಗೆ ಎದೆಹಾಲು ನಿಲ್ಲಿಸಬೇಡಿ. ಬೋರ್ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡುವ ಮಕ್ಕಳಿಗೇ ಎಲ್ಲರಿಗಿಂತ ಜಾಸ್ತಿ ಅಪಾಯ. ಹತ್ತು ತಿಂಗಳು ಅಂದಿರಿ. ಈಗಿನಿಂದ ಅವನ ಸರಿ, ಬೇಳೆಕಟ್ಟು, ಅನ್ನ ಎಲ್ಲ ಫಿಲ್ಟರ್ ನೀರಿನಲ್ಲಿ ಮಾಡಿದರೆ ಅವನ ಹಲ್ಲು ಉಳಿಸಿಕೊಳ್ಳಲು ಒಳ್ಳೆ ಸಮಯವಿದೆ.

ಹಳೇ ಬಾವಿಕಟ್ಟೆ:
ನನಗೆ ಇದೆಲ್ಲ ಸ್ವಲ್ಪ ಜಾಸ್ತಿ ಹೆದರಿಸಿದ ಹಾಗೆ ಕಾಣುತ್ತದೆ. ನಮ್ಮ ತಾತ ಇದೇ ಊರಿನ ನೀರು ಕುಡಿದು 88 ವರ್ಷ ಬದುಕಿದರು. ಕೊನೆವರೆಗೂ ಹುರಿಗಡಲೆ ಕಡಿಯುತ್ತಿದ್ದರು. ಆಗ ಇಲ್ಲದ ಫ್ಲೋರೈಡ್ ಈಗ ಎಲ್ಲಿಂದ ಬಂತು?

ಬಾಗೇಪಲ್ಲಿ ಮೇಷ್ಟ್ರು:
ಅಣ್ಣಾ, ನಿಮ್ಮ ತಾತ ಇದೇ ಊರಿನ ನೀರು ಕುಡಿದರು, ನಿಜ. ಆದರೆ ಇದೇ ನೀರು ಕುಡಿಯಲಿಲ್ಲ. ಅವರು ಕುಡಿದಿದ್ದು ಮೂವತ್ತು ನಲವತ್ತು ಅಡಿ ಬಾವಿಯ ನೀರು ಅಥವಾ ಕೆರೆಯ ಪಕ್ಕದ ಚಿಲುಮೆ ನೀರು. ಪ್ರತಿ ವರ್ಷ ಮಳೆ ಬಂದು ತುಂಬುತ್ತಿದ್ದ ಹೊಸ ನೀರು. ಈಗ ನಮ್ಮ ಕಡೆ ಸಾವಿರ ಅಡಿ ಕೊರೆದರೂ ಧೂಳು ಬರುತ್ತದೆ. ಅಷ್ಟು ಆಳದ ನೀರು ಗ್ರಾನೈಟ್ ಬಂಡೆಯ ಸಂದಿಯಲ್ಲಿ ಎಷ್ಟೋ ಕಾಲದಿಂದ ನಿಂತಿರುತ್ತದೆ. ಆ ಬಂಡೆಯಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ನಿಂತಷ್ಟೂ ಕರಗುತ್ತದೆ.

ಹಾಗಂತ ಹಳೇ ಬಾವಿ ನೀರೆಲ್ಲ ಒಳ್ಳೆಯದು ಅಂತಲೂ ಹೇಳಲಾರೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಗ್ಗಿಸಲಾಗದೆ ಗಟ್ಟಿಯಾದ ಜನರನ್ನು ನೋಡಿ ಡಾಕ್ಟರುಗಳು ಫ್ಲೋರೈಡಿನಿಂದ ಮೂಳೆಗೆ ಬರುವ ರೋಗದ ಬಗ್ಗೆ ಬರೆದರು. ಆಗ ಇಷ್ಟು ಆಳದ ಬೋರ್ ಎಲ್ಲಿತ್ತು? ಪರೀಕ್ಷೆ ಮಾಡಿಸದೆ ಯಾವ ನೀರಿನ ಬಗ್ಗೆಯೂ ಹೇಳಬಾರದು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ.

ಮುಂಡರಗಿ ಮಂದಿ:
ನಮ್ಮ ಗದಗ ಜಿಲ್ಲಾ ಮುಂಡರಗಿ ಕಡೆನೂ ಇದೇ ಕತೀರಿ. ಹಲ್ಲಿನ ಮಾತು ಬಿಡ್ರಿ, ನಮ್ಮ ಅಜ್ಜಿ ಐವತ್ತಕ್ಕೇ ಬಗ್ಗಿದ್ದರು. ಮುಂದೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ವಾತ ಅಂತ ಎಷ್ಟು ಎಣ್ಣೆ ತಿಕ್ಕಿದೆವೋ ಲೆಕ್ಕವಿಲ್ಲ.

ಆಸ್ಪತ್ರೆಯವರು ಊರಿಗೆ ಬಂದಾಗ ಮೂರು ಪರೀಕ್ಷೆ ತೋರಿಸಿಕೊಟ್ಟರು. ಮೊಣಕಾಲು ಬಗ್ಗಿಸದೆ ಕಾಲ್ಬೆರಳು ಮುಟ್ಟಬೇಕು. ಗದ್ದ ಎದೆಗೆ ತಾಗಬೇಕು. ಎರಡೂ ಕೈ ಎತ್ತಿ ತಲೆಯ ಹಿಂದೆ ಹಿಡಿಯಬೇಕು. ಆಗದೇ ಇದ್ದರೆ ದವಾಖಾನೆಗೆ ತೋರಿಸಬೇಕು. ಬೇರೆ ಕಾರಣಕ್ಕೂ ಆಗದಿರಬಹುದು, ಆದರೆ ನಮ್ಮಂಥ ಊರಿನಲ್ಲಿ ಸುಮ್ನೆ ವಾತ ಅಂದುಕೊಂಡು ಕೂರಬಾರದು. ನಮ್ಮ ಮನೆಯಲ್ಲಿ ಈಗ ಮಕ್ಕಳು ಆಟದ ಹಾಗೆ ಇದನ್ನು ಮಾಡುತ್ತಾರೆ, ನಾವೂ ಜೊತೆಗೆ ಮಾಡುತ್ತೇವೆ.

ಊರು ಬಿಟ್ಟ ಮಗ:
ನಾನು ಬೆಂಗಳೂರಿನಲ್ಲಿದ್ದೇನೆ. ಅಕ್ಕನ ಮನೆ ಊರಿನಲ್ಲೇ, ಇಬ್ಬರು ಸಣ್ಣ ಮಕ್ಕಳು. ಕಳೆದ ವರ್ಷ ಎರಡು ಕ್ಯಾಂಡಲ್ ಇರುವ ಸ್ಟೀಲ್ ಫಿಲ್ಟರ್ ಕೊಡಿಸಿದ್ದೆ. ಅದು ಸಾಲದಾ? ಇಲ್ಲಿ ನಮ್ಮ ಮನೆಯಲ್ಲಿ ಯುವಿ ಮಷೀನ್ ಇದೆ, ಅದನ್ನು ಕಳಿಸಲಾ?

ಹಲ್ಲಿನ ಡಾಕ್ಟರ್ ತುಮಕೂರು:
ಕ್ಯಾಂಡಲ್ ಮಣ್ಣು, ಕಸ ತಡೆಯುತ್ತದೆ. ಯುವಿ ರೋಗಾಣು ಕೊಲ್ಲುತ್ತದೆ. ಎರಡಕ್ಕೂ ಫ್ಲೋರೈಡ್ ಸಿಗುವುದಿಲ್ಲ. ನೀರನ್ನು ಒತ್ತಡದಲ್ಲಿ ತೆಳು ಪೊರೆಯ ಮೂಲಕ ಸೋಸುವ ಆರ್‌ಓ ತೆಗೆಯುತ್ತದೆ. ಆಕ್ಟಿವೇಟೆಡ್ ಅಲ್ಯುಮಿನಾ ಅನ್ನುವ ಕಾಳು ತುಂಬಿದ ಫಿಲ್ಟರ್ ಕೂಡ ಹೀರುತ್ತದೆ, ಆದರೆ ಕೆಲವು ತಿಂಗಳಿಗೊಮ್ಮೆ ಆ ಕಾಳನ್ನು ತೊಳೆದು ಸರಿಮಾಡಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ನಾಗಪುರದ ನೀರಿ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಹಾಕಿ ಕಲಕಿ ತಿಳಿಯಾಗಲು ಬಿಡುತ್ತಾರೆ. ಅಳತೆ ತಪ್ಪಬಾರದು. ಮನೆಯಲ್ಲಿ ಅಂದಾಜಿಗೆ ಪಟಿಕ ಹಾಕಲು ಹೋಗಬೇಡಿ.

ಆರ್‌ಓ ಬಗ್ಗೆ ಒಂದು ಮಾತು. ಅದು ಫ್ಲೋರೈಡ್ ಜೊತೆ ಕ್ಯಾಲ್ಸಿಯಂ ಕೂಡ ತೆಗೆಯುತ್ತದೆ. ಹಾಗಾಗಿ ಮಕ್ಕಳಿಗೆ ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು ತಪ್ಪಿಸಬಾರದು. ಕ್ಯಾಲ್ಸಿಯಂ ಇದ್ದರೆ ಹೊಟ್ಟೆಯಲ್ಲೇ ಫ್ಲೋರೈಡ್ ಜೊತೆ ಕೂಡಿಕೊಂಡು ಸ್ವಲ್ಪ ಭಾಗ ಹೊರಗೆ ಹೋಗುತ್ತದೆ. ನಮ್ಮ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಒಳ್ಳೆ ನೀರಿನಲ್ಲಿ ಮಾಡಿದ ಮುದ್ದೆಗಿಂತ ಒಳ್ಳೆ ಊಟ ಈ ಮಕ್ಕಳಿಗೆ ಬೇರೆ ಬೇಡ. ನೆಲ್ಲಿಕಾಯಿ, ಸೀಬೆಹಣ್ಣು ಕೊಡಿ. ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಹೋಯಿತು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನೋಡಿದ್ದಾರೆ. ನಮ್ಮ ಹುಳಿ ಸಾರು ಬಿಡಬೇಕಾಗಿಲ್ಲ.

ಬಿಡಬೇಕಾಗಿರುವುದು ಮಕ್ಕಳ ಟೀ. ಬೆಳಿಗ್ಗೆ ಟೀಗೆ ಬನ್ ಅದ್ದಿ ಕೊಟ್ಟು ಶಾಲೆಗೆ ಕಳಿಸುವ ಮನೆಗಳು ತುಂಬಾ ಇವೆ. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೋರ್ ನೀರು, ಅದಕ್ಕೆ ಟೀಪುಡಿ ಎರಡೂ ಸೇರಿದರೆ ಹೇಗೆ? ಪೇಸ್ಟ್ ಕೂಡ ಚಿಕ್ಕವರಿಗೆ ಅಕ್ಕಿ ಕಾಳಿನಷ್ಟು ಸಾಕು, ಉಗುಳುವುದು ಕಲಿಸಿ.

ಆಶಾ ಅಕ್ಕ:
ನಾನು ಆಶಾ ಕಾರ್ಯಕರ್ತೆ, ಮಧುಗಿರಿ ಕಡೆ. ಅಮ್ಮ ಹೇಳಿದ್ದನ್ನು ಓದಿ ನಮ್ಮ ಅಂಗನವಾಡಿ ನೆನಪಾಯಿತು. ಅಲ್ಲಿ ಮಕ್ಕಳು ಕುಡಿಯಲು ಕ್ಯಾನ್ ಇತ್ತು. ಹಿಂಭಾಗದ ಅಡುಗೆ ಮನೆಯಲ್ಲಿ ಡ್ರಮ್ಮಿನ ನೀರು. ಅನ್ನ ಸಾಂಬಾರು ಅದರಲ್ಲೇ. ಶಾಲೆಯಲ್ಲೂ ಹಾಗೇ. 2013ರಿಂದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ 150 ಮಿಲಿ ಹಾಲು ಕೊಡುತ್ತಾರಲ್ಲ, ಅದು ಪುಡಿ ಹಾಲು. ಯಾವ ನೀರಿನಲ್ಲಿ ಕಲಸುತ್ತಾರೆ ಅಂತ ನಾವು ಯಾರೂ ಕೇಳಿರಲಿಲ್ಲ. ಹಲ್ಲು ಮೂಳೆ ಗಟ್ಟಿಯಾಗಲಿ ಅಂತ ಕೊಡುವ ಹಾಲು ಅದು.

ನೀರು ಪರೀಕ್ಷೆ ಕಷ್ಟವಿಲ್ಲ. ಜಲಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಕಿಟ್ ಕೊಟ್ಟು, ಪ್ರತಿ ಊರಿನಲ್ಲಿ ಐದು ಜನ ಹೆಂಗಸರಿಗೆ ಹೇಳಿಕೊಡಬೇಕು ಅಂತ ಇದೆ. ನಾನೂ ಕಲಿತೆ. ಸಣ್ಣ ಬಾಟಲಿಯಲ್ಲಿ ನೀರು ತೆಗೆದುಕೊಂಡು ಔಷಧಿ ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಗುಲಾಬಿ ಹೋಗಿ ಹಳದಿಗೆ ತಿರುಗುತ್ತದೆ. ಕಾರ್ಡಿನ ಬಣ್ಣಕ್ಕೆ ಹೋಲಿಸಿ ನೋಡಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ಸರ್ಕಾರದ ಮಾನದಂಡ. ಅದರ ಮೇಲೆ ಬಂದರೆ ತಾಲ್ಲೂಕಿನ ಲ್ಯಾಬಿಗೆ ಕಳಿಸಿ ಚೀಟಿ ತೆಗೆದುಕೊಳ್ಳಿ. ಬಾಯಿ ಮಾತಿಗೆ ಗ್ರಾಮಸಭೆಯಲ್ಲಿ ಬೆಲೆ ಇಲ್ಲ, ಚೀಟಿ ಇದ್ದರೆ ಇದೆ.

ಫಿಲ್ಟರ್ ಘಟಕದ ನೀರನ್ನೂ ಪರೀಕ್ಷೆ ಮಾಡಿ. ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಹಳೆಯದಾದರೆ ನೀರು ಸುಮ್ನೆ ದಾಟಿ ಬರುತ್ತದೆ. ನಮ್ಮ ಪಕ್ಕದ ಊರಿನಲ್ಲಿ ಕಾಯಿನ್ ಹಾಕಿದರೆ ನೀರೇನೋ ಬರುತ್ತಿತ್ತು, ಬಾಟಲಿ ಮಾತ್ರ ಹಳದಿ ಆಯಿತು. ಜನ ಎಷ್ಟು ದಿನದಿಂದ ದುಡ್ಡು ಕೊಟ್ಟು ಬೋರ್ ನೀರನ್ನೇ ಒಯ್ಯುತ್ತಿದ್ದರೋ.

ಮುಂಡರಗಿ ಮಂದಿ:
ಇನ್ನೊಂದು, ಘಟಕದಿಂದ ಹೊರಗೆ ಬಿಡುವ ನೀರು ನೋಡ್ರಿ. ನಮ್ಮಲ್ಲಿ ಅದನ್ನು ದನದ ತೊಟ್ಟಿಗೆ ಬಿಟ್ಟಿದ್ದರು. ತೆಗೆದ ಫ್ಲೋರೈಡ್ ಎಲ್ಲ ಅದರಲ್ಲೇ ಇರುತ್ತದೆ. ದನಕ್ಕೂ ಹಲ್ಲು ಮೂಳೆ ಅವ ಅಲ್ರಿ.

ಹಳೇ ಬಾವಿಕಟ್ಟೆ:
ಮೇಷ್ಟ್ರೇ, ನೀವು ಹೇಳಿದ್ದು ಸರಿ. ನಿನ್ನೆ ಮನೆಯಲ್ಲಿ ಕೇಳಿದೆ. ತಾತನ ಬಾವಿ 1990ರ ಹೊತ್ತಿಗೇ ಬತ್ತಿದೆ. ಮೊಮ್ಮಗನನ್ನು ಕರೆದು ಬೆಳಕಿನಲ್ಲಿ ಹಲ್ಲು ನೋಡಿದೆ. ಗೆರೆ ಇದೆ. ಇಷ್ಟು ದಿನ ನೋಡಿಯೇ ಇರಲಿಲ್ಲ. ಇದಕ್ಕೆ ಔಷಧಿ ಏನಾದರೂ ಇದೆಯಾ ಮೇಡಂ?

ಹಲ್ಲಿನ ಡಾಕ್ಟರ್ ತುಮಕೂರು:
ಬಂದ ಗೆರೆ ತಾನಾಗಿ ಹೋಗುವುದಿಲ್ಲ ಸರ್. ತೆಳು ಕಲೆಯಾದರೆ ಮೇಲೆ ಸ್ವಲ್ಪ ತೀಡಿ ಕಡಿಮೆ ಮಾಡಬಹುದು. ಜಾಸ್ತಿ ಇದ್ದರೆ ದೊಡ್ಡವರಾದ ಮೇಲೆ ಹಲ್ಲಿನ ಬಣ್ಣದ ಪದರ ಕೂರಿಸಬಹುದು. ಅವಸರ ಬೇಡ. ಹಲ್ಲಿಗಿಂತ ಮುಖ್ಯ, ಈಗ ನೀರು ಬದಲಾಯಿಸುವುದು. ಹಿಂದಿನ ಹಲ್ಲುಗಳು ಎಂಟು ವರ್ಷದವರೆಗೂ ಒಳಗೆ ತಯಾರಾಗುತ್ತಲೇ ಇರುತ್ತವೆ. ಮೂಳೆ ಬೆಳೆಯುತ್ತಲೇ ಇರುತ್ತದೆ. ಅದನ್ನು ಉಳಿಸಬಹುದು.

ಚಾವಣಿ ನೀರು:
ಕ್ಯಾನ್ ಸಾಲದು ಅಂದರಲ್ಲ ಅಮ್ಮ, ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಾನು ಚಿಂತಾಮಣಿ ಹತ್ತಿರದವನು, ಆರು ವರ್ಷದಿಂದ ಅಡುಗೆಗೆ ಮಳೆ ನೀರೇ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ.

ಮೂರು ಚದರದ ಮನೆ ಅಂದರೆ 300 ಚದರಡಿ ಮಾಡು (ಚಾವಣಿ), ಹತ್ತಿರ ಹತ್ತಿರ 28 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿತ್ತು ಅಂತ ಇಟ್ಟುಕೊಳ್ಳಿ. 14,000 ಲೀಟರ್ ನೀರು ಮಾಡಿನ ಮೇಲೆ ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 11,000 ಲೀಟರ್ ಮೇಲೆ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾಗಿರುವುದು 7,300. ಮಳೆ ಕಮ್ಮಿ, ಬರಗಾಲದ ತಾಲ್ಲೂಕು ಅಂತ ನಾವೇ ಹೇಳಿಕೊಳ್ಳುತ್ತೇವೆ. ಸ್ನಾನಕ್ಕೆ, ಬಟ್ಟೆಗೆ, ಹೊಲಕ್ಕೆ ಕಮ್ಮಿ, ಒಪ್ಪುತ್ತೇನೆ. ಮುದ್ದೆಗೆ, ಸಾರಿಗೆ ಕಮ್ಮಿ ಅಲ್ಲ.

ನನ್ನದು 5,000 ಲೀಟರಿನ ಕಪ್ಪು ಸಿಂಟೆಕ್ಸ್. ಮಳೆಗಾಲಕ್ಕೆ ಮುಂಚೆ ಮಾಡು ಗುಡಿಸಿ ತೊಳೆಯಬೇಕು. ಮೊದಲ ಒಂದೆರಡು ಮಳೆ ನೀರನ್ನು ಹೊರಗೆ ಬಿಡಬೇಕು, ಧೂಳು ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಹೋಗುತ್ತದೆ. ಆಮೇಲೆ ಜಲ್ಲಿ, ಮರಳು ತುಂಬಿದ ಡ್ರಮ್ ಮೂಲಕ ಟ್ಯಾಂಕಿಗೆ. ಮುಚ್ಚಳದ ಸಂದಿಗೂ ಪೈಪಿನ ಬಾಯಿಗೂ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಹಲ್ಲು ಉಳಿಸಲು ಹೋಗಿ ಡೆಂಗಿ ತಂದುಕೊಂಡ ಹಾಗಾಗುತ್ತದೆ. ಕುಡಿಯುವುದಾದರೆ ಕುದಿಸಿ. ಈ ನೀರಿಗೆ ಕುದಿಸುವುದು ಸರಿಯಾದ ಮದ್ದು.

ಊರು ಬಿಟ್ಟ ಮಗ:
ಚಾವಣಿ ಅಣ್ಣ, ಇದನ್ನು ಓದಿ ಅಕ್ಕನ ಮನೆಗೆ ಆರ್‌ಓ ಬದಲು ಟ್ಯಾಂಕ್ ಕೊಡಿಸುವ ಅಂತ ಮನಸ್ಸಾಗಿದೆ. ದಿನಕ್ಕೆ ಅರ್ಧ ಹೊತ್ತು ಕರೆಂಟೇ ಇರಲ್ಲ ಅಲ್ಲಿ. ಅವರದು ಹೆಂಚಿನ ಮನೆ, ಆಗುತ್ತಾ?

ಚಾವಣಿ ನೀರು:
ಆಗುತ್ತದೆ. ಮಂಗಳೂರು ಹೆಂಚಾದರೆ ಇನ್ನೂ ಒಳ್ಳೆಯದು, ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿಸಿ. ಹಳೇ ಕಲ್ನಾರ್ ಶೀಟ್ ಆದರೆ ಬೇಡ.

ಪಾವಗಡದ ಅಮ್ಮ:
ಮೂರು ವಾರ ಆಯಿತು, ಏನೇನಾಯಿತು ಹೇಳಬೇಕು ಅನಿಸಿತು.

ಪಂಚಾಯಿತಿಯಲ್ಲಿ ಕಿಟ್ ಇತ್ತು, ಡಬ್ಬ ಒಡೆದೇ ಇರಲಿಲ್ಲ. ನಮ್ಮ ಸಂಘದ ಒಬ್ಬರಿಗೆ ತರಬೇತಿ ಆಗಿತ್ತು. ನಮ್ಮ ಜಗುಲಿ ಮೇಲೆ ಮೂರು ಬಾಟಲಿ ಇಟ್ಟೆವು. ನಲ್ಲಿ ನೀರು, ಫಿಲ್ಟರ್ ನೀರು, ಶಾಲೆಯ ತೊಟ್ಟಿ ನೀರು. ಫಿಲ್ಟರ್ ನೀರು ಗುಲಾಬಿಯಾಗೇ ಉಳಿಯಿತು. ನಲ್ಲಿ ನೀರು ನಾವು ನೋಡುತ್ತಿದ್ದ ಹಾಗೆಯೇ ಹಳದಿಯಾಯಿತು. ಶಾಲೆಯದೂ ಅದೇ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಲೆ ಮೇಲಿದ್ದ ಎಸರು ಚೆಲ್ಲಿ ಬಂದರು.

ಈಗ ಮನೆಗೆ ಎರಡು ಕ್ಯಾನ್ ತರುತ್ತೇವೆ. ತಿಂಗಳಿಗೆ 150 ರೂಪಾಯಿ ಜಾಸ್ತಿ. ಅಡುಗೆ ಬಿಂದಿಗೆಗೆ ಕೆಂಪು ದಾರ ಕಟ್ಟಿದ್ದೇವೆ, ಅದಕ್ಕೆ ನಲ್ಲಿ ನೀರು ಹಾಕುವ ಹಾಗಿಲ್ಲ. ಅಕ್ಕಿ, ಬೇಳೆ ತೊಳೆಯುವುದು ನಲ್ಲಿ ನೀರಿನಲ್ಲಿ, ಬೇಯಿಸುವುದು ಕೆಂಪು ದಾರದ ನೀರಿನಲ್ಲಿ. ಚಿಕ್ಕವನ ಸರಿ ಮೊದಲು ಮಾಡಿ, ಆಮೇಲೆ ಉಳಿದವರ ಅಡುಗೆ.

ಯಜಮಾನರು ಇನ್ನೊಂದು ವಿಷಯ ನೆನಪಿಸಿದರು. ಮಗಳಿಗೆ ಎರಡು ವರ್ಷ ಇದ್ದಾಗ ಘಟಕದ ಮೋಟಾರ್ ಸುಟ್ಟು ನಾಲ್ಕು ತಿಂಗಳು ಬಾಗಿಲು ಹಾಕಿತ್ತು. ಎಷ್ಟು ಸಲ ಹೇಳಿದರೂ ಸರಿ ಮಾಡಿಸಿರಲಿಲ್ಲ. ಆಗ ಎಲ್ಲರೂ ಬೋರ್ ನೀರೇ ಕುಡಿದಿದ್ದೇವೆ. ಈ ಸಲ ಗ್ರಾಮಸಭೆಗೆ ಲ್ಯಾಬ್ ಚೀಟಿ ಹಿಡಿದು ಹನ್ನೊಂದು ಜನ ತಾಯಂದಿರು ಹೋಗಿದ್ದೆವು. ಘಟಕ ಕೆಟ್ಟರೆ ವಾರದೊಳಗೆ ರಿಪೇರಿ, ಅಲ್ಲಿಯವರೆಗೆ ಟ್ಯಾಂಕರಿನಲ್ಲಿ ಒಳ್ಳೆ ನೀರು ಅಂತ ಬರೆಸಿದ್ದೇವೆ. ತುಂಗಭದ್ರಾ ನೀರು ನಮ್ಮ ಕೇರಿಯ ನಲ್ಲಿಗೆ ಬಂದ ಮೇಲೂ ಬೋರ್ ನೀರು ಬೆರೆಸಬಾರದು ಅಂತಲೂ ಕೇಳಿದ್ದೇವೆ, ಅದಕ್ಕೆ ಉತ್ತರ ಬಂದಿಲ್ಲ. ಮತ್ತೆ ಕೇಳುತ್ತೇವೆ.

ಶಾಲೆಯ ಮುಖ್ಯೋಪಾಧ್ಯಾಯರು ಒಳ್ಳೆಯವರು. ಹಾಲು, ರಾಗಿ ಮಾಲ್ಟ್ ಮಾತ್ರ ಸದ್ಯಕ್ಕೆ ಫಿಲ್ಟರ್ ನೀರಿನಲ್ಲಿ. ಅನ್ನಕ್ಕೆ, ಸಾಂಬಾರಿಗೆ ಅಷ್ಟು ಕ್ಯಾನ್ ತರುವವರು ಯಾರು ಅಂತ ಕೇಳಿದರು, ಅದೂ ನಿಜ. ಚಾವಣಿ ಅಣ್ಣ, ಶಾಲೆಯದು ಆರ್‌ಸಿಸಿ, ಎರಡು ಕೋಣೆ ಸೇರಿ ಎಂಟು ಚದರ ಇರಬಹುದು. ಊಟ ಮಾಡುವ ಮಕ್ಕಳು 42. ಎಷ್ಟು ದೊಡ್ಡ ಟ್ಯಾಂಕ್ ಬೇಕಾಗುತ್ತದೆ?

ಚಾವಣಿ ನೀರು:
ಎಂಟು ಚದರಕ್ಕೆ ಅದೇ ಲೆಕ್ಕದಲ್ಲಿ ವರ್ಷಕ್ಕೆ 29,000 ಲೀಟರ್ ಹತ್ತಿರ ಸಿಗಬೇಕು. ಮಗುವಿಗೆ ಅಡುಗೆ, ಹಾಲಿಗೆ ಸೇರಿ ಒಂದೂವರೆ ಲೀಟರ್ ಅಂದರೆ ದಿನಕ್ಕೆ 63 ಲೀಟರ್. ಶಾಲೆ ನಡೆಯುವ 220 ದಿನಕ್ಕೆ 14,000 ಆಗುತ್ತದೆ. 10,000 ಲೀಟರಿನದು ಇದ್ದರೆ ಹಿಂಗಾರಿಗೆ ತುಂಬಿಕೊಂಡು ಮಾರ್ಚ್‌ವರೆಗೆ ಆರಾಮಾಗಿ ಬರುತ್ತದೆ. ಮೇಲಿನಿಂದ ನೀರು ಇಳಿಯುವ ಪೈಪ್ ಎಷ್ಟಿವೆ, ಯಾವ ಕಡೆ ಇವೆ ಅಂತ ನೋಡಿ ಫೋಟೋ ಹಾಕಿ. ಮುಂದಿನ ಭಾನುವಾರ ನನಗೆ ಬಿಡುವಿದೆ, ಬಂದು ಅಳತೆ ತೆಗೆದುಕೊಡುತ್ತೇನೆ.